ಸುಣ್ಣದ ಬೋಗುಣಿ

ಹಿತ್ತಲಿನಲ್ಲಿ ಮಚ್ಚಿನ ಮೊದಲ ಏಟು ಬಿದ್ದಾಗ ಇಂದ್ರಮ್ಮ ಗಂಡ ಬೀರಯ್ಯನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಕೈ ಅಲ್ಲೇ ನಿಂತಿತು. ಒಣಮರಕ್ಕೆ ಬಿದ್ದ ಏಟಾದರೆ ಠಕ್ ಅನ್ನುತ್ತದೆ. ಇದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಚಪ್ ಎಂದಿತ್ತು. ಬಾಳೆಗೆ ಬಿದ್ದ ಏಟು. ಅದೂ ಕಾಂಪೌಂಡಿನ ಕಡೆಯದಲ್ಲ, ನೀರಿನ ತೊಟ್ಟಿಯ ಕಡೆಯದು.

"ಅತ್ತುಬುಡವ್ವ, ಎದೆಯಲ್ಲಿ ಇಟ್ಕೊಬ್ಯಾಡ, ಕಲ್ಲಾಗೋಯ್ತದೆ," ಎಂದು ಪಕ್ಕದಲ್ಲಿದ್ದ ದೊಡ್ಡಮ್ಮ ಬೆನ್ನು ಸವರಿದಳು. ಬೀರಯ್ಯನ ತೀರಿಹೋದ ಅಣ್ಣನ ಹೆಂಡತಿ ಈಕೆ. ಮನೆಯವರಿಗಷ್ಟೇ ಅಲ್ಲ, ಬೀದಿಯವರಿಗೂ ದೊಡ್ಡಮ್ಮನೇ.

ಇಂದ್ರಮ್ಮನಿಗೆ ಅಳು ಬರಲಿಲ್ಲ. ಬೆಳಗಿನಿಂದ ಬರುತ್ತಿದ್ದದ್ದು ಹೇಸಿಗೆ. ಬಾಡಿಗೆಗೆ ತಂದ ಐಸ್ ಪೆಟ್ಟಿಗೆಯಿಂದ ಸೋರಿದ ನೀರಿನಲ್ಲಿ ಬಂದವರ ಕಾಲಿನ ಕೆಸರು ಕಲೆತು ನಡುಮನೆಯೆಲ್ಲ ರಾಡಿಯಾಗಿತ್ತು. ಸುಗಂಧರಾಜದ ಹಾರಗಳು ಊದುಬತ್ತಿಯ ಹೊಗೆಯಲ್ಲಿ ಬೆವತು ಹುಳಿವಾಸನೆ ಹೊಡೆಯುತ್ತಿದ್ದವು. ಕಾಫಿ ಕುಡಿದು ಬಿಸಾಡಿದ ಕಾಗದದ ಲೋಟಗಳು ತುಳಸಿ ಕಟ್ಟೆಯ ಮೇಲೆ ಬಿದ್ದಿದ್ದವು. ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಬೀರಯ್ಯ ಕೋಟು ಹಾಕಿಕೊಂಡು ನಿಂತಿದ್ದ. ಮುಖ ಅವನದು, ಕೋಟು ಯಾರದೋ. ಎಪ್ಪತ್ತನಾಲ್ಕು ವರ್ಷ ಬದುಕಿದವನು ಮಗನ ಮದುವೆಗೂ ಕೋಟು ಮುಟ್ಟಿದವನಲ್ಲ.

ಮಗ ನಿರಂಜನ್ ಫೋನು ಕಿವಿಗಿಟ್ಟುಕೊಂಡು ಒಳಗೆ ಬಂದ.

"ಹಿತ್ತಲಲ್ಲಿ ಯಾರೋ?" ಎಂದು ಕೇಳಿದಳು.

"ಚಂದ್ರಣ್ಣ ಕಣಮ್ಮ. ಕುರ್ಜಿಗೆ ಬಾಳೆಕಂಬ ಕಡೀತಿದಾನೆ."

ಹೆಣವನ್ನು ಕೂರಿಸಿ ಹೊರುವುದಕ್ಕೆ ಬಿದಿರಿನಲ್ಲಿ ಕಟ್ಟುವ ಕುರ್ಜಿಗೆ ನಾಲ್ಕು ಮೂಲೆಗೂ ಬಾಳೆಕಂಬ ಬೇಕು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. "ಕೆಂಪು ಬಟ್ಟೆ ಕಟ್ಟಿರೋ ನಾಲ್ಕು ಕಡಿಯಕ್ಕೆ ಹೇಳು, ತೊಟ್ಟಿ ಹತ್ರದ್ದು ಮುಟ್ಟಬ್ಯಾಡಿ ಅಂತ ನೆನ್ನೆ ಸಾಯಂಕಾಲವೇ ನಿಂಗೆ ಹೇಳಿದ್ನಲ್ಲ?"

ನಿರಂಜನ್ ಒಂದು ಗಳಿಗೆ ಅವಳ ಮುಖ ನೋಡಿದ. ಮರೆತುಬಿಟ್ಟಿದ್ದಾನೆ ಎನ್ನುವುದು ಅವನ ಕಣ್ಣಲ್ಲೇ ಕಾಣುತ್ತಿತ್ತು. "ಹೇಳ್ತೀನಿ ಬಿಡಮ್ಮ," ಎಂದವನು, ಅಷ್ಟರಲ್ಲಿ ಫೋನಿನಲ್ಲಿ ಯಾರೋ ದಾರಿ ಕೇಳಿದರೆಂದು, "ವಾಟರ್ ಟ್ಯಾಂಕ್ ಪಕ್ಕ ಲೆಫ್ಟ್ ತಗೊಳ್ಳಿ," ಎನ್ನುತ್ತ ಹಿತ್ತಲಿಗೆ ಹೋಗುವ ಬದಲು ಬೀದಿಗೆ ಹೋದ.

ಎರಡನೆಯ ಏಟು ಬಿತ್ತು. ಮೂರನೆಯದರ ಹಿಂದೆಯೇ ಎಲೆಗಳು ಸರಸರನೆ ಮುರಿದು, ಏನೋ ಭಾರವಾದದ್ದು ದೊಪ್ಪೆಂದು ನೆಲಕ್ಕೆ ಬಿದ್ದ ಸದ್ದು ಕೇಳಿತು. ಗೊನೆಯಿದ್ದ ಗಿಡ. ಇನ್ನೂ ಬಲಿಯದ ಗೊನೆ.

*

ಆ ಬಾಳೆ ಬಂದದ್ದು ಇಂದ್ರಮ್ಮನ ತವರಿನಿಂದ. ಅಗ್ರಹಾರದ ಬಾಡಿಗೆ ಮನೆ ಬಿಟ್ಟು ರಾಮಕೃಷ್ಣನಗರದಲ್ಲಿ ಸ್ವಂತದ್ದೊಂದು ಗೂಡು ಕಟ್ಟಿಕೊಂಡಾಗ ಅವಳ ಅವ್ವ ನಂಜನಗೂಡಿನ ಆಚೆಯ ಹಳ್ಳಿಯಿಂದ ರಸಬಾಳೆಯ ಒಂದು ಕಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. "ಬಂಗಾರ ತರಕ್ಕೆ ಆಗಲಿಲ್ಲ ಕಣಪ್ಪ, ಇದನ್ನ ಮಡಿಕ್ಕೊ," ಎಂದು ಅಳಿಯನ ಕೈಗೆ ಕೊಟ್ಟಿದ್ದಳು.

ಬೀರಯ್ಯ ಅಗ್ರಹಾರದ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಕೆಲಸದವನು. ಬಾಳೆ ಎಂದರೆ ಎಲೆಯ ಮೇಲೆ ಉಂಡು ಗೊತ್ತಿತ್ತೇ ಹೊರತು ಬೆಳೆದು ಗೊತ್ತಿರಲಿಲ್ಲ. ಆದರೆ ಹಿಡಿದದ್ದನ್ನು ಬಿಡದ ಜಾಯಮಾನ. ಅತ್ತೆಯ ಹತ್ತಿರವೇ ಕೇಳಿ ಕೇಳಿ ಕಲಿತ. ಒಂದು ಬುಡದಲ್ಲಿ ಒಂದು ತಾಯಿ, ಒಂದು ಮಗಳು, ಒಂದು ಮೊಮ್ಮಗಳು, ಅಷ್ಟೇ ಇರಬೇಕು. ಕತ್ತಿಯಂಥ ಸಣ್ಣ ಎಲೆಯ ಮರಿ ಉಳಿಸಬೇಕು, ಹುಟ್ಟುತ್ತಲೇ ಅಗಲ ಎಲೆ ಬಿಡುವ ಮರಿ ಸೋಮಾರಿ, ಕಿತ್ತುಹಾಕಬೇಕು. ಗೊನೆ ಕೊಟ್ಟ ತಾಯಿಯನ್ನು ಕೂಡಲೇ ಕಡಿಯಬಾರದು, ಅದರ ಮೈಯ ನೀರು ಮರಿಗೆ ಇಳಿಯುವ ತನಕ ನಿಲ್ಲಬೇಕು. ಒಣಗಿದ ಎಲೆ ಸವರುವುದಕ್ಕೆ ಪ್ರೆಸ್ಸಿನಿಂದ ತಂದ ಬೈಂಡಿಂಗ್ ಚಾಕು. ಪ್ರತಿ ಸಲವೂ ಆ ಚಾಕುವನ್ನು ಗ್ಯಾಸ್ ಒಲೆಯ ಉರಿಯಲ್ಲಿ ಹಿಂದು ಮುಂದು ಕಾಯಿಸಿಯೇ ಗಿಡಕ್ಕೆ ತಾಗಿಸುತ್ತಿದ್ದ.

ಇನ್ನು ಗೊಬ್ಬರ. ಸಿಂಕಿನ ಕೆಳಗೆ ಒಂದು ಬಕೆಟ್. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ಹಳಸಿದ ಸಾರು, ಹುಳಿತ ಮಜ್ಜಿಗೆ ಎಲ್ಲ ಅದಕ್ಕೇ. ಅದನ್ನು ಸಗಣಿಯಲ್ಲಿ ಕಲಸಿ ನಾಲ್ಕು ದಿನ ಮುಚ್ಚಿಟ್ಟು ಬುಡಕ್ಕೆ ಸುರಿಯುವ. ಮುಚ್ಚಳ ತೆಗೆದ ದಿನ ಮೂರು ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಇಂದ್ರಮ್ಮ ಮೂಗಿಗೆ ಸೆರಗು ಹಿಡಿದು, "ಮನುಷ್ಯರು ಇರೋ ಮನೇನಾ ಇದು?" ಎನ್ನುತ್ತಿದ್ದಳು. ಅವನ ಕೈಗೆ ಸೋಪು ಹಚ್ಚಿದರೂ ಆ ನಾತ ಹೋಗುತ್ತಿರಲಿಲ್ಲ. ಹಣ್ಣು ತಿನ್ನುವಾಗ ಮಾತ್ರ ಮೂರು ಮನೆಯವರಿಗೂ ಹೇಸಿಗೆ ಇರುತ್ತಿರಲಿಲ್ಲ.

ಆಮೇಲೆ ಅವಳ ತವರಿನ ಕಡೆಗೆ ಸೊರಗು ರೋಗ ಬಂತು. ಎಲೆ ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ಗಿಡದ ಮೈಗೆ ಲಂಗದ ಹಾಗೆ ಜೋತುಬೀಳುತ್ತಿತ್ತು. ದಿಂಡು ಸೀಳಿದರೆ ಒಳಗೆ ಕಂದುಗೆಂಪು ಗೆರೆ, ಕೊಳೆತ ನಾತ. ಮಣ್ಣಿನಲ್ಲಿ ಕೂತ ರೋಗ, ಕಾಲಿಗಂಟಿದ ಮಣ್ಣಿನಲ್ಲೂ ಹೋಗುತ್ತದೆ ಎಂದರು. ಎರಡು ವರ್ಷದಲ್ಲಿ ಅವ್ವನ ತೋಟದಲ್ಲಿ ಒಂದು ಬುಡವೂ ಉಳಿಯಲಿಲ್ಲ. ಮೂರನೆಯ ವರ್ಷ ಅವ್ವನೂ ಉಳಿಯಲಿಲ್ಲ.

ತಿಥಿ ಮುಗಿಸಿಕೊಂಡು ಇಂದ್ರಮ್ಮ ಮನೆಗೆ ಬಂದ ದಿನ. ಬೀರಯ್ಯ ತಿಥಿ ಊಟ ಮುಗಿಸಿ ಒಂದು ಬಸ್ಸು ಮುಂಚೆಯೇ ಬಂದಿದ್ದ. ಅತ್ತು ಅತ್ತು ಊದಿದ ಮುಖ ತೊಳೆಯೋಣವೆಂದು ಅವಳು ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದಳು. ಗಂಡ ಎದ್ದು ಬಂದ. ಕೈ ಹಿಡಿಯುತ್ತಾನೆ ಎಂದುಕೊಂಡಳು. ಅವನು ಒಂದು ಪ್ಲಾಸ್ಟಿಕ್ ಬೋಗುಣಿ ತಂದು ಅವಳ ಮುಂದಿಟ್ಟ. ಸುಣ್ಣದ ನೀರು.

"ಮೊದ್ಲು ಕಾಲಿಡು," ಎಂದ.

"ನಮ್ಮವ್ವ ಸತ್ತು ಹನ್ನೊಂದು ದಿನ ಆಗದೆ," ಎಂದಳು ಅವಳು.

"ಗೊತ್ತು. ಕಾಲಿಡು. ಅಲ್ಲಿನ ಮಣ್ಣು ಅದೆ."

ಅವಳು ಬೋಗುಣಿ ನೋಡಿದಳು, ಅವನ ಕೈ ನೋಡಿದಳು, ತಿರುಗಿ ಓಣಿಯಿಂದಲೇ ಬೀದಿಗೆ ಹೋಗಿ ಮುಂಬಾಗಿಲಿನಿಂದ ಒಳಗೆ ಬಂದಳು. ಅವತ್ತಿನಿಂದ ಇಪ್ಪತ್ತೆರಡು ವರ್ಷ ಹಿತ್ತಲಿಗೆ ಕಾಲಿಡಲಿಲ್ಲ. ಬಟ್ಟೆ ಒಣಹಾಕುವುದನ್ನು ಮಹಡಿಗೆ ಬದಲಾಯಿಸಿದಳು. ನಾರುವ ಬಕೆಟ್ಟನ್ನು ಹಿಂಬಾಗಿಲ ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದಳು. ಅವನು ತೆಗೆದುಕೊಂಡು ಹೋಗಿ, ಖಾಲಿ ಬಕೆಟ್ಟನ್ನು ಅದೇ ಹೊಸ್ತಿಲ ಮೇಲೆ ಇಡುತ್ತಿದ್ದ. ಆ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಸಂಸಾರವೇನೋ ನಡೆದೇ ನಡೆಯಿತು.

*

ಇಂದ್ರಮ್ಮ ಎದ್ದಳು.

"ಎಲ್ಲಿಗೆ? ಹೆಣ ಬಿಟ್ಟು ಏಳಬಾರ್ದು ಕಣೆ," ಎಂದು ದೊಡ್ಡಮ್ಮ ಸೆರಗು ಹಿಡಿದಳು. ಇಂದ್ರಮ್ಮ ಸೆರಗು ಬಿಡಿಸಿಕೊಂಡಳು. ಗೋಡೆಗೊರಗಿ ಕೂತಿದ್ದ ಹೆಂಗಸರು ಪಿಸುಗುಟ್ಟುವುದು ಕೇಳಿಸಿತು. "ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡು." "ಗಟ್ಟಿಗಿತ್ತಿ, ಬುಡು."

ಅಡುಗೆಮನೆ ದಾಟಿ ಹಿಂಬಾಗಿಲಿಗೆ ಬಂದರೆ ಕಣ್ಣಿಗೆ ಮೊದಲು ಬಿದ್ದದ್ದು ಬೀರಯ್ಯ ದಿನವೂ ಮೆಟ್ಟಿಲ ಬಳಿ ತುಂಬಿಡುತ್ತಿದ್ದ ಸುಣ್ಣದ ಬೋಗುಣಿಯೇ. ಯಾರೋ ಎಡವಿ ಮಗುಚಿ ಹಾಕಿದ್ದರು. ಸುಣ್ಣದ ನೀರು ಹರಿದ ಜಾಗದಲ್ಲೆಲ್ಲ ಬೂಟು ಚಪ್ಪಲಿಯ ಗುರುತು. ಬೀರಯ್ಯ ಬರಿಗಾಲಲ್ಲಿ ಕೂಡ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದ ಮಣ್ಣನ್ನು ಹತ್ತು ಜನ ತುಳಿದು ರೊಚ್ಚೆ ಮಾಡಿದ್ದರು. ಮೊಣಕಾಲೆತ್ತರದ ಮರಿಯ ಬುಡದಲ್ಲಿ ಗುಟ್ಕಾದ ಕೆಂಪು ಉಗುಳು ದಪ್ಪಗೆ ಬಿದ್ದು ಎಲೆಯಿಂದ ಎಳೆಎಳೆಯಾಗಿ ಇಳಿಯುತ್ತಿತ್ತು. ನಾಲ್ಕು ದಿನದ ಬಕೆಟ್ಟು ನೋಡಿಯೂ ಇಂದ್ರಮ್ಮನಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

ಗೊನೆ ಹೊತ್ತಿದ್ದ ತಾಯಿಗಿಡ ಉದ್ದಕ್ಕೆ ಮಲಗಿತ್ತು. ಅದರ ಪಕ್ಕ, ಇನ್ನೂ ಹೂವೇ ಬಿಡದ ಮಗಳುಗಿಡದ ಮುಂದೆ ಚಂದ್ರು ಮಚ್ಚು ಹಿಡಿದು ನಿಂತಿದ್ದ. ಅವನು ದೊಡ್ಡಮ್ಮನ ಮಗ. ಕಲ್ಯಾಣಮಂಟಪಗಳಿಗೆ ಚಪ್ಪರ, ಹೂವಿನ ಅಲಂಕಾರ ಮಾಡಿಸುವ ಕಂಟ್ರಾಕ್ಟು ಅವನದು.

"ಏನ್ಲಾ ಇದು ಚಂದ್ರು? ಇದನ್ನ ಯಾಕ್ಲಾ ಕಡಿದೆ? ನಿಮ್ಮ ಚಿಕ್ಕಪ್ಪ ಆ ಕಡೆ ನಾಲ್ಕಕ್ಕೆ ಕೆಂಪು ಬಟ್ಟೆ ಕಟ್ಟಿ ಮಡಗಿಲ್ವಾ?"

ಚಂದ್ರು ಕಾಂಪೌಂಡಿನ ಕಡೆ ನೋಡಿ ಮುಖ ಹಿಂಡಿದ. "ಅವಾ? ಗೊನೆ ಕಿತ್ತಿರೋ ಮುದಿ ಬಾಳೆ ಚಿಕ್ಕಮ್ಮ, ಎಲೆಯೆಲ್ಲ ಚಿಂದಿ ಚಿಂದಿ. ಅವನ್ನ ಕಟ್ಟಿದ್ರೆ ನನ್ನ ಮುಖಕ್ಕೆ ಉಗೀತಾರೆ. ಊರೋರ ಮದುವೆಗೆಲ್ಲ ಗೊನೆ ಇರೋ ಕಂಬ ನಿಲ್ಲಿಸೋನು, ಸ್ವಂತ ಚಿಕ್ಕಪ್ಪಂಗೆ ಬೋಳು ಕಂಬ ಕಟ್ಟಕ್ಕಾಯ್ತದಾ? ಮುಂದಕ್ಕೆ ಎರಡು ಒಳ್ಳೇವು ಬೇಕು. ಹಿಂದಕ್ಕೆ ಬೇಕಾದ್ರೆ ಆ ಚಿಂದಿವು ಹಾಕಣ."

"ಆ ಮಚ್ಚಲ್ಲಿ ನೆನ್ನೆ ಎಲ್ಲಿ ಕಡಿದೆ?"

"ನಂಜನಗೂಡು ಕಡೆ ಒಂದು ತೋಟದಲ್ಲಿ. ನಲವತ್ತು ಕಂಬ, ಚೌಟ್ರಿ ಆರ್ಡರು. ಯಾಕೆ?"

"ತೊಳದಿದ್ದೀಯಾ?"

"ಮಚ್ಚನ್ನಾ?" ಚಂದ್ರು ನಕ್ಕ. ಅವನ ಜೊತೆಗೆ ಬಂದಿದ್ದ ಇಬ್ಬರು ಆಳುಗಳೂ ನಕ್ಕರು. "ಇಳಿದು ಬಾ ಚಿಕ್ಕಮ್ಮ. ಯಾವುದು ಕಡೀಬೇಕು, ಯಾವುದು ಬಿಡಬೇಕು, ಮುಟ್ಟಿ ತೋರ್ಸು. ನೀನು ಹೇಳ್ದಂಗೇ ಆಗ್ಲಿ."

ಹೊಸ್ತಿಲಿನಿಂದ ಒಂದು ಮೆಟ್ಟಿಲು. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಆ ಗಿಡ. ಇಂದ್ರಮ್ಮ ಬಲಗಾಲು ಎತ್ತಿದಳು. ಎತ್ತಿದ ಕಾಲು ಹೊಸ್ತಿಲ ಮೇಲೆಯೇ ನಿಂತಿತು. ಇಪ್ಪತ್ತೆರಡು ವರ್ಷ ಇಳಿಯದ ಕಾಲು. ಸತ್ತವನ ಮುಂದೆ ಸೋತ ಹಾಗಾಗುತ್ತದೆಯೇ ಎಂಬ ಒಂದು ಹಾಳು ಯೋಚನೆ ಬಂದು, ಒಂದೇ ಒಂದು ಗಳಿಗೆ, ಅವಳನ್ನು ಹಿಡಿದು ನಿಲ್ಲಿಸಿತು.

ಅವಳು ಬರುವುದಿಲ್ಲ ಎಂದುಕೊಂಡ ಚಂದ್ರು ಮಚ್ಚು ಬೀಸಿದ. ಎರಡೇ ಏಟಿಗೆ ಮಗಳುಗಿಡ ನೀರು ಕಾರುತ್ತ ಉರುಳಿತು.

ಇಂದ್ರಮ್ಮನ ಈಗಿನ ಹೇಸಿಗೆ ಚಂದ್ರುವಿನ ಮೇಲಿನದಲ್ಲ, ಉಗುಳಿನ ಮೇಲಿನದೂ ಅಲ್ಲ. ತನ್ನ ಕಾಲಿನ ಮೇಲಿನದು.

"ಈ ಮರಿ ಅಡ್ಡ ಐತೆ, ಎಳೆಯಕ್ಕೆ ದಾರಿ ಇಲ್ಲ," ಎಂದು ಆಳೊಬ್ಬ ಕೊನೆಗೆ ಉಳಿದ ಆ ಮೊಣಕಾಲೆತ್ತರದ ಮರಿಯನ್ನು ಕಾಲಿನಿಂದ ವಾಲಿಸಿದ. ಚಂದ್ರು ಅದಕ್ಕೂ ಮಚ್ಚು ಎತ್ತಿದ.

"ಚಂದ್ರು," ಎಂದಳು ಇಂದ್ರಮ್ಮ. ದನಿ ಏರಿರಲಿಲ್ಲ. "ಅದನ್ನ ಮುಟ್ಟಿದ್ರೆ ಈ ಮನೆಯಿಂದ ಹೆಣ ಏಳಲ್ಲ. ಬಾಗ್ಲಿಗೆ ಅಡ್ಡ ಮಲಗ್ತೀನಿ. ನಿನ್ನ ಕುರ್ಜು ನೀನೇ ಹೊತ್ಕೊಂಡು ಹೋಗು."

ಚಂದ್ರುವಿನ ಕೈ ಇಳಿಯಿತು. ಆಳುಗಳು ನಗಲಿಲ್ಲ. ಅವರು ಕಡಿದ ಗಿಡಗಳನ್ನು ಮರಿಯ ಮೇಲಿನಿಂದ ಎತ್ತಿ ಹೊತ್ತುಕೊಂಡು ಓಣಿಯ ಕಡೆಯಿಂದ ಹೊರಗೆ ಹೋದರು.

*

ಕೆಂಪು ಬಟ್ಟೆ ಕಟ್ಟಿದ್ದು ಹದಿನೈದು ದಿನದ ಹಿಂದೆ. ಸಂಜೆ ಇಂದ್ರಮ್ಮ ಹೊಸ್ತಿಲ ಮೇಲೆ ಬಕೆಟ್ ಇಡಲು ಹೋದಾಗ ಬೀರಯ್ಯ ಕಾಂಪೌಂಡಿನ ಪಕ್ಕದ ಏಲಕ್ಕಿ ಬಾಳೆಗಳಿಗೆ ಬೈಂಡಿಂಗಿನ ಕೆಂಪು ಕ್ಯಾಲಿಕೊ ಬಟ್ಟೆಯ ಪಟ್ಟಿಗಳನ್ನು ಕಟ್ಟುತ್ತಿದ್ದ. ಗೊನೆ ಕೊಯ್ದು ಎರಡು ತಿಂಗಳಾದ ಗಿಡಗಳು.

"ಇದೇನು, ಜಾತ್ರೆಯಾ?" ಎಂದು ಕೇಳಿದಳು.

"ಇವು ನಾಲ್ಕು ನಂಗೆ," ಎಂದ ಅವನು, ಗಂಟು ಬಿಗಿಯುತ್ತ. "ಇವುಗಳ ಕೆಲಸ ಮುಗೀತು, ಮರಿಗೆ ಕೊಡೋದೆಲ್ಲ ಕೊಟ್ಟಾಯ್ತು. ಹೆಂಗೂ ಕಡೀಬೇಕು. ಕುರ್ಜಿಗೆ ಆಗ್ತವೆ."

"ಹಾಳು ಮಾತು ಆಡಬ್ಯಾಡಿ."

"ಹಾಳು ಮಾತೇನು ಬಂತು, ಲೆಕ್ಕದ ಮಾತು. ಆವಾಗ ಯಾರಾದ್ರೂ ತೊಟ್ಟಿ ಹತ್ರದ್ದಕ್ಕೆ ಕೈ ಹಾಕ್ತಾರೆ. ನಾನು ಎದ್ದು ಬಂದು ಬ್ಯಾಡ ಅನ್ನಕ್ಕಾಗಲ್ಲ. ನೀನು ನೋಡ್ಕೊಬೇಕು ಇಂದ್ರಾ."

ಅವಳು ಬಕೆಟ್ ಇಟ್ಟು, ಮೂಗು ಮುಚ್ಚಿಕೊಂಡು ಒಳಗೆ ಬಂದಳು.

*

ಮೂರು ಗಂಟೆಗೆ ಕುರ್ಜು ಎದ್ದಿತು. ಮುಂದಿನ ಎರಡು ಮೂಲೆಗೆ ರಸಬಾಳೆ. ಎಳೆಗೊನೆ ಬೀರಯ್ಯನ ಕಿವಿಯ ಪಕ್ಕದಲ್ಲೇ ತೂಗುತ್ತಿತ್ತು. ಹಿಂದೆ ಕೆಂಪು ಪಟ್ಟಿಯ ಎರಡು ಹರಕು ಕಂಬ. ಆ ಪಟ್ಟಿ ಏನೆಂದು ಯಾರೂ ಕೇಳಲಿಲ್ಲ.

"ಮದುವೆ ಚಪ್ಪರದಂಗೆ ಮಾಡವ್ನೆ ಚಂದ್ರು," ಎಂದು ಒಬ್ಬರು ಮೆಚ್ಚಿಕೊಂಡು ಫೋಟೊ ಹಿಡಿದರು. ಚಂದ್ರು ಮುಂದಿನ ಕಂಬದ ಹತ್ತಿರ ನಿಂತು ಎಲೆ ಸರಿಮಾಡಿದ, ಫೋಟೊದಲ್ಲಿ ತಾನೂ ಬರುವ ಹಾಗೆ. ತಮಟೆ ಬೀದಿಯ ತಿರುವು ದಾಟಿತು. ಮಣ್ಣಿಗೆ ಹೋಗುವವರು ಹೋದರು, ಹೆಂಗಸರು ಉಳಿದರು. ಇಂದ್ರಮ್ಮನಿಗೆ ಸ್ನಾನ ಮಾಡಿಸಿದರು.

ಸೊಸೆ ಸುಷ್ಮಿತಾ ಮನೆಯೆಲ್ಲ ತೊಳೆದು ಒರೆಸಿದಳು. ಹೆಣದ ತಲೆ ಇದ್ದ ಜಾಗದಲ್ಲಿ ದೊಡ್ಡಮ್ಮ ಎಣ್ಣೆದೀಪ ಹಚ್ಚಿಟ್ಟು, ಅದರ ಸುತ್ತ ರಾಗಿಹಿಟ್ಟು ಜರಡಿ ಹಿಡಿದಳು. ಸತ್ತವರು ಯಾವ ರೂಪದಲ್ಲಿ ಬಂದುಹೋದರೂ ಹಿಟ್ಟಿನ ಮೇಲೆ ಹೆಜ್ಜೆ ಮೂಡುತ್ತದೆ ಎನ್ನುವುದು ಅವಳ ನಂಬಿಕೆ. "ನಮ್ಮ ಯಜಮಾನರು ಇರುವೆಯಾಗಿ ಬಂದಿದ್ರು," ಎಂದು ಸುಷ್ಮಿತಾಗೆ ಹೇಳುತ್ತಿದ್ದಳು. "ಸಾಲಾಗಿ ಇತ್ತು ಗುರ್ತು."

"ಹಿಟ್ಟು ಹಾಕಿದ್ರೆ ಇರುವೆ ಬರದೆ ಇನ್ನೇನು ಬರ್ತದೆ ದೊಡ್ಡಮ್ಮ," ಎಂದಳು ಸುಷ್ಮಿತಾ ಮೆಲ್ಲಗೆ.

ಇಂದ್ರಮ್ಮ ಹಿಂಬಾಗಿಲ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದ ಮನೆಯ ಶಾರದ ಕಾಂಪೌಂಡಿನ ಆಚೆಯಿಂದ ಇಣುಕಿದರು. ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಡಿದ ಬುಡಗಳನ್ನು ನೋಡಿ, "ಅಯ್ಯೋ, ಇದನ್ನೂ ಬಿಡಲಿಲ್ಲವೇ," ಎಂದರು.

"ಬಿಡಲಿಲ್ಲ," ಎಂದಳು ಇಂದ್ರಮ್ಮ.

"ನಮ್ಮತ್ತೆ ಎಂಥಾ ಮಡಿ ಹೆಂಗಸು ಅಂತ ನಿಮಗೆ ಗೊತ್ತಲ್ಲ. ಅವರೇ ಒಂದು ದಿನ ಗೋಡೆ ಮೇಲಿಂದ ನೋಡಿ, ಈ ಬೀರಯ್ಯನ ಬಾಳೆ ಮಡಿಯ ಮುಂದೆ ನಮ್ಮದೇನೂ ಇಲ್ಲ ಕಣೇ ಅಂದಿದ್ರು." ಶಾರದ ನಗಲು ಹೋಗಿ, ನಗದೆ ನಿಂತರು. "ಒಂದು ಸಲ ನಾನೇ ಕೇಳಿದೆ ಕಣ್ರೀ. ಇಷ್ಟೊಂದು ಯಾಕೆ, ಸತ್ತರೆ ನರ್ಸರಿಯಿಂದ ಬೇರೆ ತಂದು ನೆಡಬಹುದಲ್ಲ ಅಂತ. ಅದಕ್ಕೆ ಅವರು, 'ನೆಡಬಹುದು ಮೇಡಂ. ಆದ್ರೆ ನಮ್ಮನೆಯವಳಿಗೆ ತವರು ಅಂತ ಉಳಿದಿರೋದು ಇದೊಂದೇ ಬುಡ' ಅಂದ್ರು. ನಿಮಗೆ ಹೇಳಿರ್ತಾರೆ ಬಿಡಿ."

ಇಂದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಶಾರದ ಗೋಡೆಯಿಂದ ಇಳಿದು ಹೋದರು.

ಸುಣ್ಣದ ಡಬ್ಬ ಮೆಟ್ಟಿಲ ಪಕ್ಕದ ಗೂಡಿನಲ್ಲಿಯೇ ಇತ್ತು. ಕೂತಲ್ಲಿಂದಲೇ ಕೈ ಚಾಚಿ ಬೋಗುಣಿಯನ್ನು ಎಳೆದು ಸರಿಯಾಗಿಟ್ಟಳು. ಅಡುಗೆಮನೆಯಿಂದ ಎರಡು ತಂಬಿಗೆ ನೀರು ತಂದು ಹಾಕಿದಳು. ಸುಣ್ಣ ಎಷ್ಟು ಬೇಕೆಂದು ತಿಳಿಯದೆ ಮೂರು ಹಿಡಿ ಹಾಕಿ ಕೈಯಲ್ಲೇ ಕಲಸಿದಳು. ಬೆರಳ ಸಂದಿಯಲ್ಲಿ ಚುರುಗುಟ್ಟಿತು. ಎದ್ದು, ಸೀರೆ ಎತ್ತಿ, ಒಂದು ಕಾಲಿಟ್ಟಳು. ಇನ್ನೊಂದು ಕಾಲನ್ನೂ ಇಟ್ಟಳು. ತಣ್ಣಗಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು, ಹಿತ್ತಲಿಗೆ ಇಳಿದಳು.

ಮರಿಯ ಎಲೆಯ ಮೇಲಿನ ಉಗುಳು ಒಣಗಿ ಚಕ್ಕೆಗಟ್ಟಿತ್ತು. ಸುಣ್ಣದ ನೀರನ್ನು ಬೊಗಸೆಯಲ್ಲಿ ತಂದು ತೊಳೆದಳು. ತುಳಿದು ವಾಲಿದ್ದನ್ನು ನೆಟ್ಟಗೆ ಮಾಡಿ ಬುಡಕ್ಕೆ ಮಣ್ಣೊತ್ತಿದಳು. ತಾಯಿಗಿಡದ ಕಡಿದ ಬುಡ ಹಾಗೇ ಚಪ್ಪಟೆಯಾಗಿ ಕಪ್ಪಿಟ್ಟಿತ್ತು. ಗೊನೆ ಬಿಟ್ಟಾದ ಮೇಲೆ ಅದರ ಕತೆ ಮುಗಿದಂತೆಯೇ. ಮಗಳುಗಿಡದ್ದು ಹಾಗಿರಲಿಲ್ಲ. ಮಚ್ಚು ಒರಟಾಗಿ ಹರಿದಿದ್ದ ಸುಳಿಯ ನಡುವಿನಿಂದ ಹಾಲುಬಿಳುಪಿನ ಒಂದು ಕುಡಿ, ಬೆರಳಿನಷ್ಟು, ಅಷ್ಟರಲ್ಲೇ ಮೇಲೆ ಬಂದಿತ್ತು.

ಬಂದದ್ದೇನೋ ಸರಿ, ಆದರೆ ನಂಜನಗೂಡಿನ ತೋಟದ ಮಚ್ಚು ತಾಗಿದ ಬುಡ. ಬೀರಯ್ಯನಾಗಿದ್ದರೆ ಕುಡಿ ಹೋದರೂ ಹೋಗಲಿ, ಮತ್ತೆ ಬರುತ್ತದೆ ಎಂದು ಮಚ್ಚಿನ ಗಾಯದಿಂದ ನಾಲ್ಕು ಬೆರಳು ಕೆಳಗೆ, ಓರೆಯಾಗಿ, ಕಾಯಿಸಿದ ಚಾಕುವಿನಿಂದ ಕೊಯ್ದು ಬಿಸಾಡುತ್ತಿದ್ದ. ಚಾಕು ತೊಟ್ಟಿಯ ಮೇಲಿನ ಮೊಳೆಗೆ ನೇತಾಡುತ್ತಿತ್ತು. ತೆಗೆದುಕೊಂಡು, ಬೋಗುಣಿಯಲ್ಲಿ ಮತ್ತೆ ಕಾಲದ್ದಿ ಅಡುಗೆಮನೆಗೆ ಬಂದು ಗ್ಯಾಸಿನ ಗುಂಡಿಗೆ ಕೈ ಹಾಕಿದವಳು ನಿಂತಳು. ಸಾವಾದ ಮನೆ, ಇವತ್ತು ಒಲೆ ಹಚ್ಚುವ ಹಾಗಿಲ್ಲ. ಮನೆಯಲ್ಲಿ ಉರಿಯುತ್ತಿದ್ದದ್ದು ಒಂದೇ ದೀಪ.

ಅವಳು ನಡುಮನೆಗೆ ಬಂದು, ಹಿಟ್ಟಿನ ಈಚೆಗೆ ಮೊಣಕಾಲೂರಿ, ಕೈ ಉದ್ದ ಮಾಡಿ ಚಾಕುವಿನ ಅಲಗನ್ನು ದೀಪದ ಉರಿಗೆ ಹಿಡಿದಳು. ಒಂದು ಮಗ್ಗುಲು ಮಸಿ ಹಿಡಿಯುತ್ತಲೂ ತಿರುಗಿಸಿ ಇನ್ನೊಂದು ಮಗ್ಗುಲು ಹಿಡಿದಳು.

ಗೋಡೆಗೊರಗಿ ತೂಕಡಿಸುತ್ತಿದ್ದ ದೊಡ್ಡಮ್ಮ ಕಣ್ಣು ಬಿಟ್ಟಳು. "ಏನ್ ಮಾಡ್ತಿದ್ದೀಯೆ? ಅದು ಅವನ ದೀಪ ಕಣೆ."

"ಚಾಕುವೂ ಅವರದೇ ಕಣಕ್ಕ," ಎಂದಳು ಇಂದ್ರಮ್ಮ.

ಬಿಸಿ ಆರುವುದರೊಳಗೆ ಕೊಯ್ಯಬೇಕೆಂದು ಸರಸರನೆ ಎದ್ದು ಹಿತ್ತಲಿಗೆ ಹೋದಳು. ದೊಡ್ಡಮ್ಮ ಬಗ್ಗಿ ಹಿಟ್ಟು ನೋಡಿದಳು. ಹಿಟ್ಟಿನ ಮೇಲೆ ಏನೂ ಇರಲಿಲ್ಲ. ಸುಷ್ಮಿತಾ ಆಗತಾನೆ ಒರೆಸಿದ್ದ ಕೆಂಪು ನೆಲದ ಮೇಲೆ, ಹಿಂಬಾಗಿಲಿನಿಂದ ದೀಪದವರೆಗೆ, ದೀಪದಿಂದ ಹಿಂಬಾಗಿಲವರೆಗೆ ಒದ್ದೆ ಹೆಜ್ಜೆಗಳಿದ್ದವು. ಅವು ಒಂದೊಂದಾಗಿ ಒಣಗುತ್ತ ಸುಣ್ಣದ ಬಿಳುಪಿಗೆ ತಿರುಗುತ್ತಿದ್ದವು.